ಬಾಳಿನ ಮೊದಲ ನೆನಪು

ವಾಚಕರೆ, ಒಂದು ನಿಮಿಷ ಕಣ್ಣು ಮುಚ್ಚಿ ನಿಮ್ಮ ಅತ್ಯಂತ ಹಿಂದಿನ ನೆನಪು ಯಾವುದೆಂದು ಯೋಚಿಸಿ ನೋಡಿ. ಅಜ್ಜನ ಹೆಗಲೋ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಹಾರಿದ ಭಂಡಾರವೋ ಹೊಳೆಯಬಹುದು. ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ಕಡೆ ಕೆಲವರಿಗೆ ನೀರು ನೆನಪಾದೀತು. 2005ರಲ್ಲಿ ಕೃಷ್ಣೆ ಉಕ್ಕಿ ಈ ಸೀಮೆಯ ನದೀತೀರದ ಹಳ್ಳಿಗಳನ್ನು ಪೀಡಿಸಿತು. 2019ರ ಆಗಸ್ಟಿನಲ್ಲಿ ಮತ್ತೊಮ್ಮೆ. ಮೊದಲ ಪೂರದಲ್ಲಿ ಎಳೆಯ ಮಕ್ಕಳಾಗಿದ್ದವರು ಇಂದು ವಯಸ್ಕರು. ಎರಡನೆಯದರ ಮಕ್ಕಳು ಶಾಲೆಯಲ್ಲಿದ್ದಾರೆ. ಮೊದಲ ನೆನಪೇ ಭಯದ್ದಾದರೆ ಮುಂದಿನ ಬಾಳೂ ಭಯದ್ದಾಗಬೇಕೆ?

ಬಹುಪಾಲು ಜನರ ಮೊದಲ ನೆನಪು ಮೂರು, ಮೂರೂವರೆ ವರ್ಷದ ವಯಸ್ಸಿನದು. ಅದರ ಹಿಂದಿನ ಮರೆವಿಗೆ ಶೈಶವ ವಿಸ್ಮೃತಿ ಎಂದು ಹೆಸರು. ಶಿಶುವಿಗೆ ನೆನಪೇ ಇಲ್ಲವೆಂದಲ್ಲ. ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗವೂ, ಕಂಡದ್ದನ್ನು ಕಥೆಯಾಗಿ ಕಟ್ಟುವ ಮಾತಿನ ಶಕ್ತಿಯೂ ಆಗಿನ್ನೂ ಬೆಳೆಯುತ್ತಿರುತ್ತವೆ. ಅಮೆರಿಕದ ಪೆಟ್ರೀಷಿಯಾ ಬಾವರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರನೆಯ ವಯಸ್ಸಿನಲ್ಲಿ ಮಾತಾಡಿದ್ದ ಸಂಗತಿಗಳಲ್ಲಿ ಶೇಕಡಾ 60ಕ್ಕೂ ಹೆಚ್ಚನ್ನು ಐದರಿಂದ ಏಳು ವರ್ಷದ ಮಕ್ಕಳು ಹೇಳಬಲ್ಲವರಾಗಿದ್ದರು. ಎಂಟು ಒಂಬತ್ತು ವರ್ಷದವರಲ್ಲಿ ಉಳಿದದ್ದು ಶೇಕಡಾ 40ಕ್ಕಿಂತ ಕಡಿಮೆ.

ಉಳಿದ ನೆನಪಾದರೂ ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆಗೆ, ಶಿಶುವಾಗಿದ್ದಾಗ ತನ್ನನ್ನು ಒಬ್ಬನು ಕದ್ದೊಯ್ಯಲು ಬಂದದ್ದೂ, ದಾದಿ ಹೋರಾಡಿ ರಕ್ಷಿಸಿದ್ದೂ ಕಣ್ಣಿಗೆ ಕಟ್ಟಿದಂತಿತ್ತು. ಆತನಿಗೆ ಹದಿನೈದು ವರ್ಷವಾದಾಗ ಆ ದಾದಿಯೇ ಪತ್ರ ಬರೆದು, ಅದು ತಾನು ಕಟ್ಟಿದ ಕಥೆಯೆಂದು ಒಪ್ಪಿಕೊಂಡಳು! ಮನೆಯವರಿಂದ ಕೇಳಿದ್ದು ಕಂಡ ನೋಟವಾಗಿ ಮಾರ್ಪಟ್ಟಿತ್ತು.

ಅಂದಮೇಲೆ ಮೊದಲ ನೆನಪು ಅಂದಿನ ಘಟನೆಗೆ ಸಾಕ್ಷಿಯಾಗಿರುವಷ್ಟೇ ಇಂದಿನ ಮನಸ್ಸಿಗೂ ಕನ್ನಡಿಯಾಗಿದೆ. ಕುಗ್ಗಿದ ಮನಸ್ಸು ದುಃಖದ ನೆನಪುಗಳನ್ನು ಬೇಗ ಹೆಕ್ಕಿ ತರುತ್ತದೆ. ನೆಮ್ಮದಿಯ ದಿನಗಳಲ್ಲಿ ಅದೇ ಬಾಲ್ಯದ ಬೇರೆ ಚಿತ್ರಗಳು ಮುಂದೆ ಬರುತ್ತವೆ. ಇದರಿಂದಾಗಿ ಫಲಿತಾಂಶಗಳನ್ನು ಎಚ್ಚರಿಕೆಯಿಂದ ಓದಬೇಕು. ಅಮೆರಿಕದ 22,000ಕ್ಕೂ ಹೆಚ್ಚು ಜನರನ್ನು ಕುರಿತು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಲ್ಯದಲ್ಲಿ ತಂದೆತಾಯಿಗಳ ವಾತ್ಸಲ್ಯ ದೊರೆಯಿತೆಂದು ನೆನೆದವರಲ್ಲಿ ಮುಂದೆ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿ ಕಂಡವು. ವಾತ್ಸಲ್ಯದ ಫಲವೆಷ್ಟು, ಸಂತೋಷದಿಂದ ನೆನೆಯುವ ಸ್ವಭಾವದ ಫಲವೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಇನ್ನೊಂದು ಪ್ರಯೋಗ ಹೆಚ್ಚು ಬೆಳಕು ಬೀರುತ್ತದೆ. ನ್ಯೂಜಿಲೆಂಡಿನ ಎಲೇನ್ ರೀಸ್ ಕೆಲವು ತಾಯಂದಿರಿಗೆ, ಪುಟ್ಟ ಮಕ್ಕಳೊಡನೆ ಕಳೆದ ಸಂಗತಿಗಳನ್ನು ವಿವರವಾಗಿ ಮಾತಾಡುವ ಕ್ರಮವನ್ನು ಕಲಿಸಿದರು. ‘ಆಗ ಏನಾಯಿತು? ನಿನಗೆ ಏನನ್ನಿಸಿತು?’ ಎಂದು ಕೇಳುವುದು, ಮಗುವಿನ ಉತ್ತರಕ್ಕೆ ಇನ್ನಷ್ಟು ಸೇರಿಸುವುದು, ಇಷ್ಟೇ. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ತಮ್ಮ ಬಾಳಿನ ತಿರುವುಗಳನ್ನು ಇತರರಿಗಿಂತ ಸುಸಂಬದ್ಧವಾಗಿ ಹೇಳಿದರು. ಖಿನ್ನತೆಯ ಲಕ್ಷಣಗಳೂ ಅವರಲ್ಲಿ ಕಡಿಮೆಯಿದ್ದವು.

ಮತ್ತೆ ಕೃಷ್ಣೆಯ ತೀರಕ್ಕೆ ಬರೋಣ. ಪೂರವನ್ನು ಕಂಡ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಒಬ್ಬನಿಗೆ ‘ಆ ಮಾತು ಬೇಡ, ಸುಮ್ಮನಿರು’ ಎಂದರು. ಇನ್ನೊಬ್ಬಳಿಗೆ, ನೀರು ಏಕೆ ಬಂತು, ಅವ್ವ ಹೇಗೆ ಅವಳನ್ನು ಎತ್ತಿಕೊಂಡಳು, ಯಾರ ಮನೆಯಲ್ಲಿ ರೊಟ್ಟಿ ತಿಂದರು ಎಂಬುದನ್ನು ಮತ್ತೆ ಮತ್ತೆ ಹೇಳಿದರು. ನೀರು ಇಬ್ಬರಿಗೂ ಒಂದೇ. ಆದರೆ ಒಬ್ಬನಲ್ಲಿ ಉಳಿದದ್ದು ನೀರು ಮಾತ್ರ, ಇನ್ನೊಬ್ಬಳಲ್ಲಿ ನೀರಿನ ಜೊತೆಗೆ ಎತ್ತಿಕೊಂಡ ತೋಳುಗಳೂ ಉಳಿದವು.

ಮೊದಲ ನೆನಪು ಹಣೆಯ ಬರಹವಲ್ಲ. ಇಂದು ಸಂಜೆ ಅದನ್ನು ಮನೆಯ ಹಿರಿಯರ ಮುಂದೆ ಹೇಳಿ, ಅವರು ಕಂಡದ್ದೇನೆಂದು ಕೇಳಿ. ನಿಮ್ಮ ಚಿತ್ರದಲ್ಲಿ ಇಲ್ಲದಿದ್ದ ಒಂದು ತೋಳು ಅಲ್ಲಿ ಕಂಡೀತು.