ಕೊಯ್ಲಿಗೆ ಬಂದ ಸಂಸಾರಗಳು ಮತ್ತು ನಮ್ಮೂರ ಅಂಗನವಾಡಿ

ಕೊಯ್ಲಿನ ಕಾಲದಲ್ಲಿ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರ ಬಾಯಲ್ಲಿ ಎರಡೇ ಮಾತು: ಒಂದು ಧಾರಣೆ, ಇನ್ನೊಂದು ಆಳು. ಅಡಿಕೆ ಕೊನೆ ಇಳಿಸುವುದು, ಕಾಫಿ ಹಣ್ಣು ಬಿಡಿಸುವುದು ಎರಡೂ ಒಟ್ಟಿಗೆ ಬಂದಾಗ ಬೇರೆ ವಿಚಾರಕ್ಕೆ ಬಿಡುವಿರುವುದಿಲ್ಲ. ಆದರೂ ಈ ಸಲ ಗೊಬ್ಬರ, ಔಷಧಿಗಳ ವಿಷಯವನ್ನು ಬದಿಗಿಟ್ಟು, ಊರೂರಿನಲ್ಲಿಯೂ ಇದ್ದು ಬೆಳೆಗಾರರಾದ ನಾವು ಅಷ್ಟಾಗಿ ಗಮನಿಸದ ಒಂದು ಚಿಕ್ಕ ಸಂಸ್ಥೆಯ ಬಗ್ಗೆ ಬರೆಯಬೇಕೆನಿಸಿದೆ. ಅದು ಅಂಗನವಾಡಿ.

ಇದಕ್ಕೆ ಕಾರಣ, ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ನಮ್ಮ ತೋಟದಲ್ಲೇ ನಡೆದ ಸಂಗತಿ. ಹಣ್ಣು ಬಿಡಿಸಲು ಮೇಸ್ತ್ರಿಯ ಮೂಲಕ ಜಾರ್ಖಂಡಿನ ಮೂರು ಸಂಸಾರಗಳು ನಮ್ಮ ಲೈನಿಗೆ ಬಂದಿದ್ದವು. ಅವರಲ್ಲಿ ಒಬ್ಬಾಕೆ ಒಂದೂವರೆ ವರ್ಷದ ಮಗುವನ್ನು ನೆರಳು ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ, ಆರೇಳು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸಿ ಕೆಲಸಕ್ಕಿಳಿಯುತ್ತಿದ್ದಳು. ನಾವು ದಿನಕ್ಕೆರಡು ಬಾರಿ ಆ ಜೋಲಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದೆವು. ಮಗು ಅಳುತ್ತಿರಲಿಲ್ಲ. ಪಾಪ, ಒಳ್ಳೆಯ ಮಗು ಎಂದುಕೊಂಡೆವು.

ಒಂದು ದಿನ ಊರಿನ ಅಂಗನವಾಡಿ ಟೀಚರ್ ಬಂದರು. ಕೇಂದ್ರದ ಹೆಂಚಿನ ಮೇಲೆ ಮರದ ಕೊಂಬೆಯೊಂದು ಬಾಗಿದೆ, ನಿಮ್ಮ ಮರಗಸಿಯವರನ್ನು ಒಂದು ಗಂಟೆ ಕಳುಹಿಸಿಕೊಡಿ ಎಂದು ಕೇಳುವುದಕ್ಕೆ. ಹೋಗುವಾಗ ಜೋಲಿಯೊಳಗೆ ಇಣುಕಿದರು. “ಈ ಮಗು ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ ಸಾರ್” ಎಂದರು. ಚೀಲದಿಂದ ಅಳತೆಯ ಪಟ್ಟಿ ತೆಗೆದು ಮಗುವಿನ ತೋಳಿಗೆ ಸುತ್ತಿದರು. ಅದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಎಂದರೆ ತೀವ್ರ ಅಪೌಷ್ಟಿಕತೆ. ಪಟ್ಟಿ ಕೆಂಪಿನಲ್ಲಿ ನಿಂತಿತು. ಆ ಮಗುವಿಗೆ ಅಳುವುದಕ್ಕೂ ತ್ರಾಣವಿರಲಿಲ್ಲವೆಂದು ತಿಳಿದಾಗ ನಾವು ತಲೆ ತಗ್ಗಿಸಬೇಕಾಯಿತು. ತೋಟದ ಯಾವ ಭಾಗದಲ್ಲಿ ಎಷ್ಟು ಗಿಡಕ್ಕೆ ಬಿಳಿ ಕಾಂಡಕೊರಕ ಹಿಡಿದಿದೆ ಎಂಬ ಲೆಕ್ಕ ನಮ್ಮ ಪುಸ್ತಕದಲ್ಲಿತ್ತು; ಲೈನಿನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕವಿರಲಿಲ್ಲ.

ಟೀಚರ್ ಆಶಾ ಕಾರ್ಯಕರ್ತೆಗೆ ಫೋನು ಮಾಡಿದರು. ಮಗು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೂ ಹೋಯಿತು. ತಾಯಿ ಎರಡು ವಾರ ಜೊತೆಯಲ್ಲಿದ್ದಳು. ಆ ದಿನಗಳ ಹಾಜರಿಯನ್ನು ನಾವು ಕಡಿಯಲಿಲ್ಲ. ಅದನ್ನು ಔದಾರ್ಯವೆಂದು ಹೇಳಿಕೊಳ್ಳುವ ಮುಖ ನಮಗಿಲ್ಲ.

ಅಂಗನವಾಡಿ ಎಂದರೆ ಬಡವರ ಮಕ್ಕಳಿಗೆ ಉಪ್ಪಿಟ್ಟು ಕೊಡುವ ಜಾಗ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಅದು ಸರಿಯಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಹೀಗೆ ಆರು ಸೇವೆಗಳು ಅದರ ಹೊಣೆ. 2013ರ ಆಹಾರ ಭದ್ರತಾ ಕಾಯ್ದೆಯ ಮೇಲೆ ಆರು ತಿಂಗಳಿನಿಂದ ಆರು ವರ್ಷದ ಮಕ್ಕಳಿಗೂ, ಗರ್ಭಿಣಿ ಮತ್ತು ಬಾಣಂತಿಯರಿಗೂ ಇಲ್ಲಿ ಸಿಗುವ ಆಹಾರ ದಾನವಲ್ಲ, ಹಕ್ಕು. ಮಗು ಈ ಊರಿನದೋ ಪರ ರಾಜ್ಯದ್ದೋ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ.

ತೊಡಕು ಇರುವುದು ಬೇರೆ ಕಡೆ. ನಮ್ಮ ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ, ಹಳ್ಳದಾಚೆ ಒಂದು ಲೈನು. ಮೂರು ತಿಂಗಳಿಗೆಂದು ಬಂದವರು ಯಾವ ತೋಟದಲ್ಲಿದ್ದಾರೆ ಎಂಬುದು ಟೀಚರಿಗೆ ತಿಳಿಯುವುದಾದರೂ ಹೇಗೆ? ಬಂದವರಿಗೆ ಭಾಷೆ ಬಾರದು, ದಾರಿ ತಿಳಿಯದು. ನಮ್ಮಲ್ಲಿ ಹಣ್ಣು ಬಿಡಿಸುವ ಕೆಲಸ ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಶುರುವಾಗುತ್ತದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೆ ಮಧ್ಯಾಹ್ನದ ಬಿಸಿಯೂಟ ಇದೆಯಾದರೂ, ಆ ಊಟಕ್ಕೆ ಗುಡ್ಡ ಇಳಿದು ಮತ್ತೆ ಹತ್ತಬೇಕು. ಟೀಚರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದೇ 2022ರಲ್ಲಿ. ಗುಡ್ಡಗುಡ್ಡ ಸುತ್ತಿ ಮಕ್ಕಳನ್ನು ಹುಡುಕಬೇಕೆಂದು ಅವರೊಬ್ಬರ ಮೇಲೆ ಹೊರೆ ಹಾಕುವುದು ನ್ಯಾಯವಲ್ಲ. ಬಂದವರು ಯಾರೆಂದು ಮೊದಲು ತಿಳಿಯುವುದು ತೋಟದವರಾದ ನಮಗೆ. ಆದ್ದರಿಂದ ಸುದ್ದಿ ಮುಟ್ಟಿಸುವ ಕೆಲಸವೂ ನಮ್ಮದೇ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಹೊಸ ಸಂಸಾರ ಲೈನಿಗೆ ಬಂದ ದಿನ ಮೇಸ್ತ್ರಿಯಿಂದ ಆಳಿನ ಲೆಕ್ಕ ಬರೆದುಕೊಳ್ಳುವಾಗಲೇ ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಅದೇ ಸಂಜೆ ಅಂಗನವಾಡಿ ಟೀಚರಿಗೆ ಫೋನು ಮಾಡಿ. ಮಗುವಿನ ಹೆಸರಿನಲ್ಲೇ ಆಧಾರ್ ಕಾರ್ಡು ಇರಬೇಕೆಂದಿಲ್ಲ, ತಾಯಿಯದು ಸಾಕು. ಊರಿನಲ್ಲಿ ಕೊಟ್ಟ ತಾಯಿ ಕಾರ್ಡು ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಯಾವ ಚುಚ್ಚುಮದ್ದು ಆಗಿದೆ, ಯಾವುದು ಬಾಕಿ ಎಂದು ಅದರಿಂದ ತಿಳಿಯುತ್ತದೆ. ಚುಚ್ಚುಮದ್ದಿನ ದಿನ ತಾಯಿಗೆ ಅರ್ಧ ದಿನ ಬಿಡುವು ಕೊಡಿ. ಪೇಟೆಗೆ ಹೋಗುವ ಜೀಪು ಅಂಗನವಾಡಿಯ ಮುಂದೆ ಹಾದುಹೋಗುವುದಾದರೆ ಮೂರು ವರ್ಷ ತುಂಬಿದ ಮಕ್ಕಳನ್ನು ಅಲ್ಲಿ ಇಳಿಸಿ.

ಅದಕ್ಕಿಂತ ಚಿಕ್ಕ ಮಕ್ಕಳಿಗೆ, ಎಂದರೆ ಜೋಲಿಯ ಮಕ್ಕಳಿಗೆ, ಮನೆಗೆ ಒಯ್ಯುವ ಆಹಾರ ಸಿಗುತ್ತದೆಯೇ ಹೊರತು ಹಗಲು ನೋಡಿಕೊಳ್ಳುವ ಏರ್ಪಾಡು ಎಲ್ಲ ಕಡೆ ಇಲ್ಲ. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಪ್ರಕಟಿಸಿತು. ನಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಕೊಯ್ಲಿನ ಮೂರು ತಿಂಗಳು ಒಬ್ಬ ಹಿರಿಯ ಹೆಂಗಸಿಗೆ ಕೂಲಿ ಕೊಟ್ಟು ಮಕ್ಕಳನ್ನು ಒಂದೆಡೆ ಕೂರಿಸಬಹುದು. ನಾಲ್ಕು ಪಾಲಾದರೆ ಖರ್ಚು ದೊಡ್ಡದಾಗುವುದಿಲ್ಲ, ಶಾಲೆಗೆ ಹೋಗಬೇಕಾದ ಅಕ್ಕನೂ ಕಾವಲಿನಿಂದ ಬಿಡುಗಡೆ ಹೊಂದುತ್ತಾಳೆ. ಇನ್ನೊಂದು ಮಾತು: ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಲ್ಲಿ ಅಂಗನವಾಡಿ ತೆರೆಯಬೇಕೆಂದು 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿದೆ. ಕೇಳಬೇಕಾದವರು ಕೇಳದೆ ಇದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಫೆಬ್ರವರಿಯಲ್ಲಿ ಆ ಸಂಸಾರ ಊರಿಗೆ ಹೊರಟಾಗ ಪಟ್ಟಿ ಹಳದಿಗೆ ಬಂದಿತ್ತು. ಅಲ್ಲಿನ ಅಂಗನವಾಡಿಗೆ ಹೆಸರು ವರ್ಗವಾಗಲೆಂದು ಟೀಚರ್ ಮೊಬೈಲಿನಲ್ಲಿ ದಾಖಲು ಮಾಡಿದರು. ಹೊರಡುವ ಬೆಳಿಗ್ಗೆ ಜೀಪಿನಲ್ಲಿ ಆ ಮಗು ಊರೆಲ್ಲ ಕೇಳುವಂತೆ ಅತ್ತಿತು. ಅಷ್ಟು ಗಟ್ಟಿಯಾದ ಅಳುವನ್ನು ಕೇಳಿ ನಮಗೆ ಸಂತೋಷವಾದದ್ದು ಅದೇ ಮೊದಲು.

ಹೆಂಚಿನ ಮೇಲಿನ ಕೊಂಬೆಯನ್ನು ಟೀಚರ್ ಬಂದು ಕೇಳಿದ ಮರುದಿನವೇ ತೆಗೆಸಿಕೊಟ್ಟೆವು. ಅವರು ನಮ್ಮಿಂದ ಕೇಳಿದ್ದು ಅದೊಂದನ್ನೇ.