ಸಂಸ್ಕೃತಿಯ ಪ್ರತಿಬಿಂಬವೂ ಓಲೆಯ ಗ್ರಂಥಗಳೂ

ಒಂದು ಜನಾಂಗದ ಸಂಸ್ಕೃತಿಯ ಅಂತಸ್ಸತ್ತ್ವವು ಎಲ್ಲಿ ನೆಲಸಿರುತ್ತದೆ, ಮುಂದಿನವರಿಗೆ ಅದು ಹೇಗೆ ಗೋಚರವಾಗುತ್ತದೆ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು. ದೇವಾಲಯ, ಅರಮನೆ, ಶಿಲ್ಪ, ಉತ್ಸವ ಇವುಗಳಲ್ಲಿಯೇ ಅದು ಪ್ರಕಾಶಿಸುವುದೆಂದು ಕೆಲವರ ಮತ. ಗ್ರಂಥಗಳಲ್ಲಿ ಎಂದು ಮತ್ತೆ ಕೆಲವರ ಮತ. ಎರಡನೆಯ ಪಕ್ಷವನ್ನು ಅಂಗೀಕರಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಗ್ರಂಥವು ಇದ್ದಮಾತ್ರಕ್ಕೆ ಸಂಸ್ಕೃತಿಯು ಅದರಲ್ಲಿ ಕಾಣಿಸಿಕೊಳ್ಳುವುದೇ? ಬಿಂಬ, ದರ್ಪಣ, ನೋಡುವ ಕಣ್ಣು ಈ ಮೂರೂ ಕೂಡಿದಲ್ಲದೆ ಪ್ರತಿಬಿಂಬದ ದರ್ಶನವಾಗದು. ಜನಜೀವನವು ಬಿಂಬ, ಗ್ರಂಥವು ದರ್ಪಣ, ಅದನ್ನು ಓದಬಲ್ಲವನೇ ಕಣ್ಣು. ಈ ಮೂರನೆಯದು ಇಲ್ಲವಾದರೆ ಉಳಿದೆರಡು ಇದ್ದೂ ಇಲ್ಲದಂತೆಯೇ ಸರಿ. ಇದಕ್ಕೆ ಮೈಸೂರು ನಗರದಲ್ಲಿಯೇ ನಡೆದ ಒಂದು ಸಂಗತಿಯು ಉತ್ತಮ ನಿದರ್ಶನವಾಗಿದೆ.

ಹತ್ತನೆಯ ಚಾಮರಾಜೇಂದ್ರ ಒಡೆಯರವರ ಆಳಿಕೆಯಲ್ಲಿ, ೧೮೯೧ರಲ್ಲಿ, ಮೈಸೂರಿನಲ್ಲಿ ಓರಿಯೆಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ೧೯೧೬ರಲ್ಲಿ ಅದು ವಿಶ್ವವಿದ್ಯಾನಿಲಯಕ್ಕೆ ಸೇರಿತು. ೧೯೪೩ರಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರಿನಿಂದ ನಡೆದುಬಂದಿದೆ. ಅಲ್ಲಿ ಸಂಗ್ರಹವಾಗಿರುವ ಗ್ರಂಥಗಳಲ್ಲಿ ಬಹುಭಾಗವು ಓಲೆಗರಿಯವು. ಹದಮಾಡಿದ ಗರಿಯ ಮೇಲೆ ಕಬ್ಬಿಣದ ಮೊನೆಯ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಅವುಗಳಿಗೆ ಮಸಿಯನ್ನು ತೀಡಿ, ರಂಧ್ರದಲ್ಲಿ ದಾರವನ್ನು ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುವುದು ಪೂರ್ವಿಕರ ಪದ್ಧತಿ. ಹುಳು, ತೇವ, ಬೆಂಕಿಗಳಿಂದ ಓಲೆಗೆ ಸದಾ ಭಯವಿರುವುದರಿಂದ ಯಾವ ಕಟ್ಟೂ ಶಾಶ್ವತವಾದುದಲ್ಲ. ಜೀರ್ಣವಾಗುವುದರೊಳಗೆ ಒಬ್ಬನು ಅದನ್ನು ಹೊಸ ಓಲೆಗೆ ಇಳಿಸಿದರೆ ಗ್ರಂಥವು ಉಳಿಯಿತು, ಇಲ್ಲವಾದರೆ ಅಳಿಯಿತು. ಆದುದರಿಂದ ಇಂದು ದೊರೆಯುವ ಪ್ರತಿಯೊಂದು ಪ್ರಾಚೀನ ಗ್ರಂಥವೂ ಅದನ್ನು ರಚಿಸಿದವನ ಬುದ್ಧಿಯನ್ನು ಮಾತ್ರವಲ್ಲದೆ, ಇದು ಉಳಿಯತಕ್ಕದ್ದೆಂದು ನಿರ್ಣಯಿಸಿದ ಅನೇಕ ತಲೆಮಾರುಗಳ ಅಭಿರುಚಿಯನ್ನೂ ಪ್ರತಿಬಿಂಬಿಸುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರವು ಇಂತಹ ಗ್ರಂಥಗಳಲ್ಲೊಂದು. ಕಾಮಂದಕನ ನೀತಿಸಾರ, ದಂಡಿಯ ದಶಕುಮಾರಚರಿತೆ ಮೊದಲಾದುವುಗಳಲ್ಲಿ ಅದರ ಪ್ರಸ್ತಾಪವಿದ್ದಿತಾದರೂ ಮೂಲವು ವಿದ್ವಲ್ಲೋಕಕ್ಕೆ ದೊರೆತಿರಲಿಲ್ಲ. ೧೯೦೫ರಲ್ಲಿ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಆಗ ಅಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅವರು ಅದನ್ನು ಓದಿ, ಅದು ಯಾವುದೆಂಬುದನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಗೊಳಿಸಿದರು. ಅದುವರೆಗೆ ಆ ಓಲೆಗಳು ಇದ್ದೇ ಇದ್ದುವು. ಆದರೆ ಅವು ಕತ್ತಲೆಯ ಕೋಣೆಯಲ್ಲಿಟ್ಟ ಕನ್ನಡಿಯಂತಿದ್ದುವು.

ಆ ಕನ್ನಡಿಯಲ್ಲಿ ಕಂಡುದಾದರೂ ಏನು? ಭಾರತೀಯರು ಪರಲೋಕಚಿಂತನೆಯಲ್ಲಿಯೇ ಮಗ್ನರಾಗಿ ಲೋಕವ್ಯವಹಾರವನ್ನು ಉಪೇಕ್ಷಿಸಿದರೆಂಬ ಭಾವನೆಯು ಆಗ ಪ್ರಚುರವಾಗಿದ್ದಿತು. ಹದಿನೈದು ಅಧಿಕರಣಗಳುಳ್ಳ ಈ ಶಾಸ್ತ್ರದಲ್ಲಿಯಾದರೋ ತೂಕ-ಅಳತೆಗಳ ನಿಯಮ, ಗಣಿ, ಕೃಷಿ, ಸುಂಕ, ಗಜರಕ್ಷಣೆ ಮೊದಲಾದ ವಿಷಯಗಳೆಲ್ಲ ಸವಿಸ್ತಾರವಾಗಿ ನಿರೂಪಿತವಾಗಿವೆ. ಮಳೆಯನ್ನು ಅಳೆಯುವುದಕ್ಕೆ ಉಗ್ರಾಣದಲ್ಲಿ ಪಾತ್ರೆಯನ್ನಿಡತಕ್ಕದ್ದೆಂದೂ, ವಿಧವೆಯರು ಅಂಗವಿಕಲೆಯರು ಮೊದಲಾದವರಿಗೆ ನೂಲುವ ಕೆಲಸವನ್ನು ಕೊಡಿಸತಕ್ಕದ್ದೆಂದೂ ವಿಧಿಗಳಿವೆ. ತಪಸ್ವಿವೇಷದ ಗೂಢಚಾರರು, ವರ್ಣಭೇದದಿಂದ ದಂಡಭೇದ, ಕ್ರೂರವಾದ ಶಿಕ್ಷೆಗಳು ಇವೂ ಅಲ್ಲಿಯೇ ಇವೆ. ದರ್ಪಣವು ಮುಖದ ಕಾಂತಿಯನ್ನು ತೋರಿಸುವಂತೆ ಕಲೆಯನ್ನೂ ತೋರಿಸುತ್ತದೆ. ಗ್ರಂಥದ ಕಾಲ, ಕರ್ತೃತ್ವಗಳಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಆದರೂ ಪ್ರಾಚೀನ ಭಾರತದ ರಾಜ್ಯಚಿಂತನೆಯನ್ನು ಕುರಿತ ಚರ್ಚೆಯು ಇದನ್ನು ಬಿಟ್ಟು ನಡೆಯಲಾರದು.

ಒಂದು ಸಲ ಓದಿದಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲವೆಂಬುದೂ ಗಮನಾರ್ಹವಾದುದು. ಗಣಪತಿ ಶಾಸ್ತ್ರಿಗಳು ೧೯೨೪-೨೫ರಲ್ಲಿ ತಿರುವನಂತಪುರದಿಂದ ಸವ್ಯಾಖ್ಯಾನವಾಗಿ ಇದನ್ನು ಪ್ರಕಟಿಸಿದರು. ೧೯೬೦ರಲ್ಲಿ ಕಾಂಗಲೆಯವರ ಪರಿಷ್ಕೃತ ಆವೃತ್ತಿಯು ಮುಂಬಯಿಯಲ್ಲಿ ಹೊರಬಂದಿತು. ಬೇರೆಬೇರೆ ಪ್ರತಿಗಳ ಸಹಾಯದಿಂದ ಸಂದಿಗ್ಧ ಪಾಠಗಳು ಒಂದೊಂದಾಗಿ ತಿಳಿಯಾದುವು. ಕನ್ನಡಿಯನ್ನು ಒರಸಿದಷ್ಟೂ ಬಿಂಬವು ನಿಚ್ಚಳವಾಗುವಂತೆ ಇದು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಈಗ ಓಲೆಗಳ ಛಾಯಾಪ್ರತಿಗಳನ್ನು ತೆಗೆದು ಗಣಕಯಂತ್ರಗಳಲ್ಲಿ ಶೇಖರಿಸುವ ಕಾರ್ಯವು ನಡೆಯುತ್ತಿರುವುದರಿಂದ ಗ್ರಂಥನಾಶದ ಭಯವು ತೀರಿತಲ್ಲವೇ ಎಂದು. ಇದಕ್ಕೆ ಸಮಾಧಾನವು ಹೀಗೆ. ಛಾಯಾಪ್ರತಿಯು ದರ್ಪಣವನ್ನು ಒಡೆಯದಂತೆ ಕಾಯುವುದೇ ಹೊರತು ಕಣ್ಣನ್ನು ಕೊಡಲಾರದು. ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ಬಲ್ಲವರು ಈಗ ವಿರಳ. ಲಿಪಿಯನ್ನು ಕಲಿತಮಾತ್ರದಿಂದಲೂ ಸಾಲದು. ಓಲೆಯಲ್ಲಿ ಪದಚ್ಛೇದವಿರುವುದಿಲ್ಲ, ಸದೃಶಾಕ್ಷರಗಳಲ್ಲಿ ಲಿಪಿಕಾರನು ಎಡವಿರುವುದುಂಟು. ವ್ಯಾಕರಣವನ್ನೂ ಆಯಾ ಶಾಸ್ತ್ರದ ಪರಿಭಾಷೆಯನ್ನೂ ತಿಳಿದವನಿಗೆ ಮಾತ್ರ ಶುದ್ಧಪಾಠವು ಹೊಳೆಯುತ್ತದೆ. ಅರ್ಥಶಾಸ್ತ್ರವೇ ರಾಜಲೇಖಕನ ಲಕ್ಷಣವನ್ನು ಹೇಳುವಾಗ, ಅಂದವಾಗಿ ಬರೆಯುವ ಶಕ್ತಿಯೊಡನೆ ಬರೆದುದನ್ನು ಓದುವ ಸಾಮರ್ಥ್ಯವನ್ನೂ ಎಣಿಸಿದೆ. ಬರೆಹವು ಓದುವವನಲ್ಲಿಯೇ ಸಾರ್ಥಕವಾಗುವುದೆಂಬ ಅರಿವು ಆ ಕಾಲದವರಿಗೂ ಇದ್ದಿತು.

ಆದುದರಿಂದ ಗ್ರಂಥಭಂಡಾರಗಳ ರಕ್ಷಣೆಯೆಂದರೆ ಕಟ್ಟಡ, ಕಪಾಟು, ಛಾಯಾಪ್ರತಿಗಳ ರಕ್ಷಣೆಯಷ್ಟೇ ಅಲ್ಲ. ಪಾಠಶಾಲೆಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಪ್ರಾಚೀನ ಲಿಪಿಗಳ ಅಭ್ಯಾಸವು ಶಾಸ್ತ್ರಾಧ್ಯಯನದ ಜೊತೆಗೆ ನಡೆಯತಕ್ಕದ್ದು; ಪ್ರತಿಯೊಬ್ಬ ವಿದ್ಯಾರ್ಥಿಯೂ ವ್ಯಾಸಂಗ ಮುಗಿಯುವುದರೊಳಗೆ ಒಂದು ಅಪ್ರಕಟಿತ ಕೃತಿಯನ್ನಾದರೂ ಓಲೆಯಿಂದ ಕಾಗದಕ್ಕೆ ಇಳಿಸತಕ್ಕದ್ದು. ಇನ್ನೂ ಯಾರೂ ಓದದ ಕಟ್ಟುಗಳಲ್ಲಿ ಏನಿದೆಯೆಂಬುದು ಆಗಲೇ ತಿಳಿಯಬೇಕಾಗಿದೆ.