‘ಹಾರ್ಡ್ಲಿ’ ಅಂದರೆ ಕಷ್ಟಪಟ್ಟು ಅಲ್ಲ

ಹಳೇಕೋಟೆ ಹೋಬಳಿಯ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೊಳೆನರಸೀಪುರಕ್ಕೋ ಹಾಸನಕ್ಕೋ ಕಾಲೇಜಿಗೆ ಹೋಗುವ ಮಕ್ಕಳಿಗೆ ಇಂಗ್ಲಿಷಿನ ದೊಡ್ಡ ಪದಗಳು ಅಷ್ಟೊಂದು ತೊಂದರೆ ಕೊಡುವುದಿಲ್ಲ. ಅವರನ್ನು ಎಡವಿಸುವುದು ‘ಹಾರ್ಡ್ಲಿ’, ‘ಟೂ’, ‘ಯೆಟ್’, ‘ಓನ್ಲಿ’ಯಂಥ ಚಿಕ್ಕ ಕ್ರಿಯಾವಿಶೇಷಣಗಳು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರುಮಾಡಿದ್ದು 2007ರಲ್ಲಿ. ಆದರೂ ಈ ತಪ್ಪುಗಳು ಹೋಗಿಲ್ಲ. ‘ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಹತ್ತುವುದಿಲ್ಲ’ ಎಂದು ಸುಲಭವಾಗಿ ಅಂದುಬಿಡುತ್ತೇವೆ. ಆ ಮಾತು ಸುಳ್ಳು. ಒಂದು ಕನ್ನಡ ಪದಕ್ಕೆ ಎದುರಾಗಿ ಒಂದು ಇಂಗ್ಲಿಷ್ ಪದ ಬರೆಸಿ ಬಾಯಿಪಾಠ ಮಾಡಿಸುವ ಪದ್ಧತಿಯಲ್ಲೇ ದೋಷವಿದೆ.

ಮೊದಲ ನಂಬಿಕೆಯನ್ನೇ ನೋಡಿ: ಗುಣವಾಚಕಕ್ಕೆ ‘ಲಿ’ ಅಂಟಿಸಿದರೆ ಕ್ರಿಯಾವಿಶೇಷಣ ಸಿದ್ಧ. ಕನ್ನಡದ ಕಿವಿಗೆ ಇದು ಬಹಳ ಸಹಜ. ನಮ್ಮಲ್ಲಿ ‘ಆಗಿ’ ಸೇರಿಸಿದರೆ ಕೆಲಸ ನಡೆಯುತ್ತದೆ: ನಿಧಾನವಾಗಿ, ಜೋರಾಗಿ, ನೀಟಾಗಿ. ಹಾಗಾಗಿ ‘ಅಪ್ಪ ಕಷ್ಟಪಟ್ಟು ದುಡಿಯುತ್ತಾರೆ’ ಎಂದು ಬರೆಯಹೊರಟ ಹುಡುಗಿ ‘ಮೈ ಫಾದರ್ ವರ್ಕ್ಸ್ ಹಾರ್ಡ್ಲಿ’ ಎಂದು ಬರೆಯುತ್ತಾಳೆ. ಓದಿದವರಿಗೆ ‘ಅಪ್ಪ ಕೆಲಸವನ್ನೇ ಮಾಡುವುದಿಲ್ಲ’ ಅನ್ನುವಷ್ಟು ತಿರುಗುಮುರುಗಾದ ಅರ್ಥ ಬರುತ್ತದೆ. ಬಿಸಿಲಲ್ಲಿ ಆಲೂಗಡ್ಡೆ ಹೊಲದಲ್ಲಿ ಬಗ್ಗಿ ದುಡಿಯುವ ಅಪ್ಪನ ಬಗ್ಗೆ ಮಗಳು ಹೇಳಬೇಕೆಂದದ್ದು ಖಂಡಿತ ಇದಲ್ಲ. ಅವಳಿಗೆ ಬೇಕಾದದ್ದು ಬರೀ ‘ಹಾರ್ಡ್’.

ಇದಕ್ಕೆ ಕಾರಣ ಇಂಗ್ಲಿಷಿನ ಹಳೆಯ ರೂಪದಲ್ಲಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅನೇಕ ಗುಣವಾಚಕಗಳಿಗೆ ‘ಎ’ ಸ್ವರ ಸೇರಿಸಿ ಕ್ರಿಯಾವಿಶೇಷಣ ಮಾಡುತ್ತಿದ್ದರು. ಕಾಲಕ್ರಮೇಣ ಆ ಕೊನೆಯ ಸ್ವರ ಸವೆದುಹೋಯಿತು. ‘ಹಾರ್ಡ್’, ‘ಫಾಸ್ಟ್’ ಎರಡೂ ಹಾಗೆ ಉಳಿದವು: ಗುಣವಾಚಕವೂ ಅವೇ, ಕ್ರಿಯಾವಿಶೇಷಣವೂ ಅವೇ. ‘ಫಾಸ್ಟ್ಲಿ’ ಇಂದಿನ ಬಳಕೆಯಲ್ಲಿ ಇಲ್ಲ. ‘ಹಾರ್ಡ್ಲಿ’ ಒಂದು ಕಾಲಕ್ಕೆ ‘ಬಲವಾಗಿ’ ಎಂದೇ ಆಗಿತ್ತು. ಮುಂದೆ ‘ಕಷ್ಟದಿಂದ’ ಎಂದಾಗಿ, ಆಮೇಲೆ ‘ಆಗಿಯೂ ಆಗದಷ್ಟು’ ಎಂಬಲ್ಲಿ ನಿಂತಿತು. ಅದರೊಳಗೇ ‘ಇಲ್ಲ’ ಅಡಗಿರುವುದರಿಂದ ಅದರ ಜತೆ ಇನ್ನೊಂದು ‘ನಾಟ್’ ಬೇಡ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ಫ್ರೆಂಡ್ಲಿ’ಯಲ್ಲಿ ‘ಲಿ’ ಇದ್ದರೂ ಅದು ಗುಣವಾಚಕ.

ಎರಡನೆಯದು, ‘ತುಂಬಾ’ ಎಂದರೆ ‘ವೆರಿ’ ಅಥವಾ ‘ಟೂ’, ಯಾವುದಾದರೂ ನಡೆಯುತ್ತದೆ ಎಂಬ ನಂಬಿಕೆ. ನಡೆಯುವುದಿಲ್ಲ. ಕಾಫಿ ‘ವೆರಿ ಹಾಟ್’ ಎಂದರೆ ಬಿಸಿಬಿಸಿಯಾಗಿದೆ. ‘ಟೂ ಹಾಟ್’ ಎಂದರೆ ಕುಡಿಯಲಾಗದಷ್ಟು ಸುಡುತ್ತಿದೆ. ಮೇಷ್ಟ್ರನ್ನು ಹೊಗಳಲು ಹೋಗಿ ‘ಟೂ ಸ್ಟ್ರಿಕ್ಟ್’ ಎಂದರೆ ಅದು ದೂರಾಗುತ್ತದೆ.

ಕಾಲ ಹೇಳುವ ಪದಗಳಲ್ಲೂ ಇದೇ ಪಾಡು. ‘ಬಸ್ಸು ಇನ್ನೂ ಬಂದಿಲ್ಲ’, ‘ಅಜ್ಜಿ ಇನ್ನೂ ಗದ್ದೆಗೆ ಹೋಗ್ತಾರೆ’ ಎಂಬ ಎರಡಕ್ಕೂ ನಮಗೆ ಒಂದೇ ‘ಇನ್ನೂ’ ಸಾಕು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬಾರದ ಬಸ್ಸಿಗೆ ‘ಯೆಟ್’, ನಡೆಯುತ್ತಲೇ ಇರುವ ಅಜ್ಜಿಯ ದುಡಿಮೆಗೆ ‘ಸ್ಟಿಲ್’. ‘ಎರಡು ವರ್ಷದ ಹಿಂದೆ’ ಎನ್ನಲು ‘ಟೂ ಇಯರ್ಸ್ ಬಿಫೋರ್’ ಎನ್ನುವವರು ಬಹಳ. ಇವತ್ತಿನಿಂದ ಹಿಂದಕ್ಕೆ ಎಣಿಸುವಾಗ ‘ಅಗೋ’ ಬೇಕು. ಗತಕಾಲದ ಇನ್ನೊಂದು ಘಟನೆಯಿಂದ ಹಿಂದಕ್ಕೆ ಎಣಿಸಿದರೆ ಮಾತ್ರ ‘ಬಿಫೋರ್’.

ಇನ್ನು ‘ಓನ್ಲಿ’. ‘ವೀ ಆರ್ ಫ್ರಮ್ ಹಳೇಕೋಟೆ ಓನ್ಲಿ’ ಎನ್ನುವವರು ಕಡಿಮೆ ಇಂಗ್ಲಿಷ್ ಬಲ್ಲವರು ಎಂದು ಪಟ್ಟಣದವರು ನಗುತ್ತಾರೆ. ಅದು ನನಗೆ ಬೇಸರ ತರಿಸುತ್ತದೆ. ‘ನಾವು ಹಳೇಕೋಟೆಯವರೇ’ ಎಂಬಲ್ಲಿನ ಒತ್ತು ಕೊಡುವ ‘ಏ’ಕಾರಕ್ಕೆ ಇಂಗ್ಲಿಷಿನಲ್ಲಿ ನೇರವಾದ ಜೋಡಿ ಇಲ್ಲ. ಇಂಗ್ಲಿಷರು ದನಿ ಏರಿಸಿ ಹೇಳುವುದನ್ನು ನಮ್ಮವರು ಒಂದು ಪದದಿಂದ ಹೇಳಲು ನೋಡುತ್ತಾರೆ. ಅರ್ಜಿಯಲ್ಲೂ ಪರೀಕ್ಷೆಯಲ್ಲೂ ಈ ‘ಓನ್ಲಿ’ ಬೇಡ, ಏಕೆಂದರೆ ಅಲ್ಲಿ ಅದರ ಅರ್ಥ ‘ಮಾತ್ರ’. ಅದರ ಜಾಗವೂ ಮುಖ್ಯ. ‘ಓನ್ಲಿ ರವಿ ಏಟ್ ದ ಮುದ್ದೆ’ ಎಂದರೆ ರವಿ ಮಾತ್ರ ಮುದ್ದೆ ಉಂಡ. ‘ರವಿ ಏಟ್ ಓನ್ಲಿ ದ ಮುದ್ದೆ’ ಎಂದರೆ ರವಿ ಮುದ್ದೆ ಮಾತ್ರ ಉಂಡ. ನಮ್ಮ ‘ಮಾತ್ರ’ ಪದದ ನಂತರ ಬರುತ್ತದೆ, ಅವರ ‘ಓನ್ಲಿ’ ಪದಕ್ಕಿಂತ ಮೊದಲು. ಇಷ್ಟು ನೆನಪಿದ್ದರೆ ಸಾಕು.

ಕನ್ನಡದ ವಾಸನೆ ಬಂದರೆ ಇಂಗ್ಲಿಷ್ ಕೆಟ್ಟಿತು ಎಂಬುದೂ ಪೂರ್ತಿ ನಿಜವಲ್ಲ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಅನುವಾದಿಸಿದಾಗ, ನಮ್ಮ ಮಾತಿನ ಧಾಟಿ ಇಂಗ್ಲಿಷಿನಲ್ಲೂ ಕೇಳಿಸಲೆಂದು ಬೇಕೆಂದೇ ಹಾಗೆ ಬರೆದರು. 2025ರ ಮೇ ತಿಂಗಳಲ್ಲಿ ಆ ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬಲ್ಲವರು ತಿಳಿದು ಮಾಡುವುದಕ್ಕೂ ತಿಳಿಯದೆ ಆಗುವುದಕ್ಕೂ ಅಂತರ ಇದ್ದೇ ಇದೆ. ಅದಕ್ಕೇ ಮಕ್ಕಳಿಗೆ ಮೊದಲು ತಿಳಿಸಿಕೊಡಬೇಕು.

ಇಂಗ್ಲಿಷರಲ್ಲಿ ಎಲ್ಲ ಪದಗಳೂ ಗಟ್ಟಿಯಾಗಿ ನೆಲೆನಿಂತಿವೆ ಎಂದು ತಿಳಿಯುವುದೂ ತಪ್ಪೇ. ಅಕ್ಷರಶಃ ಎಂಬರ್ಥದ ‘ಲಿಟರಲಿ’ಯನ್ನು ಉತ್ಪ್ರೇಕ್ಷೆಗೆ ಬಳಸಿದ್ದು ಫ್ರಾನ್ಸಿಸ್ ಬ್ರೂಕ್ ಎಂಬ ಕಾದಂಬರಿಕಾರ್ತಿಯ 1769ರ ಪುಸ್ತಕದಲ್ಲೇ ಸಿಗುತ್ತದೆ. ‘ಪ್ರೆಸೆಂಟ್ಲಿ’ ಎಂದರೆ ಬ್ರಿಟನ್ನಿನ ಹಳೆ ರೂಢಿಯಲ್ಲಿ ‘ಇನ್ನೇನು, ಸ್ವಲ್ಪ ಹೊತ್ತಿನಲ್ಲಿ’. ಅಮೆರಿಕದಲ್ಲಿ, ನಮ್ಮ ಕಚೇರಿ ಪತ್ರಗಳಲ್ಲಿ ಹೆಚ್ಚಾಗಿ ‘ಈಗ’. ಕೆಲಸದ ಅರ್ಜಿ ಬರೆಯುವವರು ಅಲ್ಲಿ ‘ನೌ’ ಎಂದು ಬರೆದರೆ ಹಾಸನದಲ್ಲಿ ಓದಿದರೂ ಲಂಡನ್ನಿನಲ್ಲಿ ಓದಿದರೂ ಅರ್ಥ ಒಂದೇ.